ನನ್ನನ್ನೂ ಓಡಿಸಿದ ಮಾಸ್ತರರು

ನಲವತ್ತರ ದಶಕದಲ್ಲಿ ತಿಕೋಟಾದ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರು ಪದಗಳ ಅರ್ಥ ಬರೆಸುತ್ತಿರಲಿಲ್ಲ. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, "ಹೇಳಬ್ಯಾಡ್ರಿ, ಮಾಡಿ ತೋರಸ್ರಿ" ಎನ್ನುತ್ತಿದ್ದರು.

'ರನ್' ಕಲಿಸಿದ ದಿನ ಎಲ್ಲರೂ ಅಂಗಳದಲ್ಲಿ ಓಡಿದರು. ಹುಟ್ಟಿನಿಂದ ಕಾಲು ಸೊಟ್ಟಗಿದ್ದ ನನ್ನನ್ನು ಹುಡುಗರು ಕುಂಟಿ ಎನ್ನುತ್ತಿದ್ದರು. ನಾನೊಬ್ಬಳು ಒಳಗೇ ಕುಳಿತೆ. ಅದನ್ನು ಕಂಡ ಮಾಸ್ತರರು ಎಲ್ಲರನ್ನೂ ಒಳಗೆ ಕರೆದರು.

"ನೀರು ಹರಿಯೂದೂ ರನ್, ಗಿರಣಿ ತಿರಗೂದೂ ರನ್, ಅಂಗಡಿ ನಡಸೂದೂ ರನ್. ಈಕಿ ಅವ್ವನ ಜೋಡಿ ಅಂಗಡಿ ನಡಸ್ತಾಳ. ನಡಸಿ ತೋರಸವ್ವಾ," ಎಂದು ತಮ್ಮ ಮೇಜನ್ನೇ ನನ್ನ ಮುಂದೆ ಎಳೆದು ತಂದರು.

ನಾನು ಇಲ್ಲದ ತಕ್ಕಡಿ ಎತ್ತಿ ಇಲ್ಲದ ಬೆಲ್ಲ ತೂಗಿದೆ. ಗಿರಾಕಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ಮಾಸ್ತರರೇ. "ಅಕ್ಕಾರ, ಮೊದಲ ನನಗ ಕೊಡ್ರಿ" ಎಂದರು.

ಅಂದಿನಿಂದ ಶಾಲೆಯಲ್ಲಿ ಎಲ್ಲರಿಗೂ ನಾನು ಅಕ್ಕಾರ.