ಪ್ಯಾಶನ್ ಬಳ್ಳಿಯ ಅಕ್ಕ

ಮೊನ್ನೆ ಕುಣಿಗಲ್ ಕೆರೆ ಏರಿಯ ಹತ್ತಿರ ಸ್ಕೂಟರ್ ನಿಲ್ಲಿಸುವಾಗ ಚಕ್ರದಡಿ ಯಾವುದೋ ಬಳ್ಳಿ ಜಜ್ಜಿಹೋಯಿತು. ಎದ್ದ ನಾತಕ್ಕೆ ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ನಾನು ಬಗ್ಗಿ ಒಂದೆಲೆ ಕಿತ್ತು ಮೂಸಿದೆ. ಕಾಡು ಪ್ಯಾಶನ್ ಬಳ್ಳಿ, ಮನೆಯಂಗಳದ ಕೃಷ್ಣಕಮಲದ ಬಡ ನೆಂಟ. ಅಕ್ಕ ಕಣ್ಣ ಮುಂದೆ ಬಂದರು...

ಒಡಹುಟ್ಟಿದ ಅಕ್ಕ ಅಲ್ಲ. ತುಮಕೂರಿನ ಫಾರ್ಮಸಿ ಕಾಲೇಜಿನಲ್ಲಿ ನಾನು ಎಂ.ಫಾರ್ಮ್ ಓದುತ್ತಿದ್ದಾಗ ಅದೇ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ನಿಟ್ಟೂರಿನ ತೆಂಗಿನ ತೋಟದ ಮನೆಯವರು, ದಿನಾ ರೈಲಿನಲ್ಲಿ ಓಡಾಟ. ಈ ಬಳ್ಳಿ ಗಾಬರಿ, ಹೆದರಿಕೆಗೆ ಮದ್ದಾಗುತ್ತದೆಯೇ ಎನ್ನುವುದು ಅವರ ಸಂಶೋಧನೆ. ಬಳ್ಳಿ ಹುಡುಕಿಕೊಂಡು ನಾವಿಬ್ಬರೂ ಹೆಬ್ಬೂರಿನ ಬೇಲಿಗಳನ್ನೆಲ್ಲ ಜಾಲಾಡಿದ್ದೆವು. ಒಮ್ಮೆ ಬೇಲಿಯಾಚೆಯಿಂದ ಹೆಂಗಸೊಬ್ಬರು, "ದನಾನೂ ಮೂಸಲ್ಲ ಅದನ್ನ, ನೀವ್ ಮೂಟೆ ಕಟ್ಕೊಂಡ್ ಹೋಯ್ತೀರಲ್ರವ್ವಾ" ಎಂದು ನಕ್ಕರು. ಅಕ್ಕ ಅವರನ್ನೂ ಬಿಡದೆ ನಿಲ್ಲಿಸಿಕೊಂಡು, ಮೊಗ್ಗಿನ ಸುತ್ತಲಿನ ಅಂಟುಬಲೆ, ಅದರಲ್ಲಿ ಸಿಕ್ಕಿಬಿದ್ದ ಸಣ್ಣ ನೊಣ ಎಲ್ಲವನ್ನೂ ತೋರಿಸಿದರು. ಪಾಠ ಶುರುಮಾಡಿದರೆ ಅವರಿಗೆ ಬಸ್ಸೂ ನೆನಪಿರುತ್ತಿರಲಿಲ್ಲ.

ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸಾರ ತೆಗೆದು ಬಿಳಿ ಇಲಿಗಳಿಗೆ ಕುಡಿಸುವುದು. ಆಮೇಲೆ ಅವನ್ನು ಪ್ಲಸ್ ಗುರುತಿನ ಆಕಾರದ ಎತ್ತರದ ಹಲಗೆಯ ನಡುವೆ ಬಿಡುವುದು. ಹಲಗೆಗೆ ಎರಡು ಕಡೆ ಗೋಡೆ, ಎರಡು ಕಡೆ ಬಯಲು. ಹೆದರಿದ ಇಲಿ ಗೋಡೆಯ ಸಂದಿ ಬಿಟ್ಟು ಬರುವುದಿಲ್ಲ. ಹೆದರಿಕೆ ಇಳಿದರೆ ಬಯಲಿಗೆ ಬರುತ್ತದೆ. ಅಕ್ಕನ ಇಲಿಗಳು ಮದುವೆಮನೆಯ ನೆಂಟರಂತೆ ಬಯಲಲ್ಲಿ ಓಡಾಡುತ್ತಿದ್ದವು. ನಮ್ಮ ಗೈಡ್ ಸರ್ ಹಿಗ್ಗಿ, ಸೆಮಿನಾರಿನಲ್ಲಿ ಹೇಳಿಯೂ ಬಂದರು. ನಿಟ್ಟೂರಿನಲ್ಲಿ ಆಗಲೇ ಅಕ್ಕನಿಗೆ ಡಾಕ್ಟರಮ್ಮ ಎಂಬ ಹೆಸರು ಬಿದ್ದಿತ್ತು. ಮಂಡಿನೋವು ತೋರಿಸಲು ಜನ ರೈಲ್ವೆ ಸ್ಟೇಷನ್ನಿಗೇ ಬರುತ್ತಿದ್ದರಂತೆ.

ಸಾರ ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗಲಿ ಎಂದು ಸ್ವಲ್ಪ ಸ್ಪಿರಿಟ್, ಅಂದರೆ ಆಲ್ಕೋಹಾಲ್, ಬೆರೆಸುತ್ತಿದ್ದರು. ಹೋಲಿಕೆಗೆಂದು ಇಟ್ಟಿದ್ದ ಇಲಿಗಳಿಗೆ ಮಾತ್ರ ಬರೀ ನೀರು. ಲ್ಯಾಬಿನಲ್ಲಿ ಮುಂಚಿನಿಂದ ನಡೆದುಬಂದ ರೂಢಿ ಅದು, ಯಾರೂ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕನಿಗೇ ಅನುಮಾನ ಬಂದು, ಸಾರವಿಲ್ಲದೆ ಸ್ಪಿರಿಟ್ ಬೆರೆಸಿದ ನೀರನ್ನಷ್ಟೇ ಕೆಲವು ಇಲಿಗಳಿಗೆ ಕುಡಿಸಿದರು. ಅವೂ ಬಯಲಿಗೆ ಬಂದವು, ಅಷ್ಟೇ ಧೈರ್ಯವಾಗಿ!

"ನೋಡೇ," ಎಂದರು. "ಬಳ್ಳಿನೂ ಇಲ್ಲ, ಗಿಳ್ಳಿನೂ ಇಲ್ಲ. ಇವು ಕುಡ್ದವೆ ಅಷ್ಟೇ."

ನಾನು ನಕ್ಕೆ. ಅವರು ನಗಲಿಲ್ಲ.

ಮೊದಲಿನಿಂದ ಮಾಡುತ್ತೇನೆ ಎಂದು ಅಕ್ಕ ಸರ್ ಮುಂದೆ ಹೋಗಿ ನಿಂತರು. "ಈಗ ಅದನ್ನ ಕೆದಕ್ಬೇಡಮ್ಮ. ಆ ಇಲಿಗಳ ವಿಷಯ ಬಿಟ್ಟು ಥೀಸಿಸ್ ಬರಿ, ಸೈನ್ ಹಾಕ್ತೀನಿ" ಎಂದುಬಿಟ್ಟರು ಸರ್. ಬೇರೆ ಗೈಡ್ ಹತ್ತಿರ ಹೋಗಲೂ ಇವರದೇ ಒಪ್ಪಿಗೆ ಬೇಕು. ಅದನ್ನೂ ಕೊಡಲಿಲ್ಲ. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

"ಬಿಟ್ಟು ಹೋಗಿ ಅಕ್ಕ" ಎಂದೆ.

"ಎಲ್ಲಿಗ್ ಹೋಗ್ಲಿ? ತಂಗಿ ಡಾಕ್ಟ್ರು ಅಂತ ನಮ್ಮಣ್ಣ ಊರೆಲ್ಲಾ ಹೇಳ್ಕೊಂಡ್ ಬಂದವ್ನೆ ಕಣೇ. ಓದ್ ಬಿಟ್ಟು ಬರಿಗೈಲಿ ಮನೇಲ್ ಕೂತ್ರೆ ಅವನ್ ಮುಖ ಹೆಂಗ್ ನೋಡ್ಲಿ?"

ಸುಳ್ಳು ಬರೆಯಲು ಕೈ ಬರಲಿಲ್ಲ, ಓದು ಬಿಟ್ಟು ಮನೆಯಲ್ಲಿ ಕೂರಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಬಂದು ಲ್ಯಾಬಿನ ಬೀಗ ತೆಗೆಯುವುದು, ಸಂಜೆ ರೈಲು ಹತ್ತುವುದು... ವರ್ಷಗಟ್ಟಲೆ ಹಾಗೇ. ಬಳ್ಳಿಯ ವರ್ಣನೆ, ಅದು ಬೆಳೆಯುವ ಜಾಗ, ಬೇರೆ ದೇಶಗಳಲ್ಲಿ ಅದರ ಬಳಕೆ, ಎಲ್ಲ ಅಧ್ಯಾಯಗಳನ್ನೂ ತಿದ್ದಿ ತಿದ್ದಿ ಬರೆದರು, ಫಲಿತಾಂಶದ ಅಧ್ಯಾಯವೊಂದನ್ನು ಬಿಟ್ಟು. ಕೂದಲು ನೆರೆಯಿತು. ನಾನು ಪಾಸಾಗಿ ಕೆಲಸಕ್ಕೆ ಸೇರಿದೆ. ಕೊನೆಗೆ ಅವರ ರಿಜಿಸ್ಟ್ರೇಷನ್ ಅವಧಿಯೇ ಮುಗಿದುಹೋಯಿತು. ಗುಬ್ಬಿಯ ಮೆಡಿಕಲ್ ಸ್ಟೋರೊಂದರಲ್ಲಿ ಕೂರುತ್ತಿದ್ದಾರೆ ಎಂದು ಯಾರೋ ಹೇಳಿದರು. ಆಮೇಲೆ ಬಂದದ್ದು, ಡೆಂಗಿ ಜ್ವರದಲ್ಲಿ ತೀರಿಕೊಂಡರು ಎಂಬ ಸುದ್ದಿ...

ಬಳ್ಳಿ ಮೂಸಿದ ಮೇಲೆ ಮನಸ್ಸು ತಡೆಯಲಿಲ್ಲ. ಈ ಭಾನುವಾರ ನಿಟ್ಟೂರಿಗೆ ಹೋದೆ. ಅಕ್ಕನ ಅಣ್ಣ ಕಾಯಿ ಸುಲಿಯುತ್ತಿದ್ದವರು ಎದ್ದು ಬಂದು ಎಳನೀರು ಕೆತ್ತಿಕೊಟ್ಟರು. ತಂಗಿಯ ಜೊತೆ ಓದಿದವಳು ಎಂದದ್ದಕ್ಕೆ, "ಒಳ್ಳೆ ತಲೆ ಇತ್ತು ಅನ್ಕಂಡಿದ್ವಿ. ಅದ್ಯಾಕೋ ಆ ಓದು ಹತ್ಲಿಲ್ಲ ನೋಡಮ್ಮ, ಬುಟ್ಬುಟ್ಳು" ಎಂದರು. ನನಗೆ ಸಂಕಟವಾಯಿತು. ಇಲಿ, ಸ್ಪಿರಿಟ್, ಸರ್ ಹೇಳಿದ ಮಾತು, ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವರು ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟರು. "ಅಂಗಾರೆ, ಸುಳ್ಳು ಬರ್ಯಕ್ ಆಗ್ದೆ ಕೂತಿದ್ಲಾ ಅಲ್ಲಿ?"

"ಹೂಂ ಅಣ್ಣ. ಓದು ಬಿಟ್ರೆ ನಿಮ್ಗೆ ಹೇಗೆ ಮುಖ ತೋರ್ಸೋದು ಅಂತಿದ್ರು."

"ನಂಗಾ?" ಎಂದರು. ಹೆಗಲ ಮೇಲಿನ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡರು. "ಒಂದ್ ಮಾತ್ ಹೇಳಿದ್ರೆ, ಅವತ್ತೇ ಹೋಗಿ ಆ ಓದು ಬುಡ್ಸಿ ಕರ್ಕೊಂಡ್ ಬತ್ತಿದ್ನಲ್ಲಮ್ಮಾ..."