ಹೂವಿನ ನಡುವೆ ಹಣ್ಣು

ನನ್ನ ಸೋದರಮಾವ ಹಾನುಬಾಳಿನಲ್ಲಿ ಬೋರ್ಡ್ ಬರೆಯುವವರು. ಜೀಪಿನ ಹಿಂದೆ ದೇವರ ಹೆಸರು, ಎಸ್ಟೇಟ್ ಗೇಟಿನ ಮೇಲೆ ಮಾಲೀಕರ ಹೆಸರು, ಅಂಗಡಿಯ ನೆತ್ತಿಯ ಮೇಲೆ ‘ಮೆಣಸು ಕೊಳ್ಳಲಾಗುವುದು’. ನಲವತ್ತು ವರ್ಷ ಅಕ್ಷರದಲ್ಲೇ ಬದುಕು ನಡೆಸಿದವರು. ಈಗ ಫ್ಲೆಕ್ಸ್ ಬೋರ್ಡುಗಳು ಸುರುಳಿ ಸುತ್ತಿಕೊಂಡು ಸಕಲೇಶಪುರದಿಂದ ಬಸ್ಸಿನಲ್ಲೇ ಬಂದಿಳಿಯುತ್ತವೆ. ಮಾವನಿಗೆ ಅವುಗಳ ಮೇಲೆ ಸಿಟ್ಟೇನೂ ಇಲ್ಲ. ಅದರಲ್ಲಿ ಹಸಿರು ಅನ್ನುವುದು ಒಂದೇ ಥರ ಇರುತ್ತದೆ, ಪಾಪ, ಎಂದು ಕನಿಕರ ಪಡುತ್ತಾರೆ ಅಷ್ಟೆ.

ಬರೆಯುವುದು ಅಕ್ಷರವೇ ಆದರೂ ಹಸಿರಿನ ವಿಚಾರದಲ್ಲಿ ಅವರಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಮೆಣಸಿನ ಬಳ್ಳಿಯ ಹಸಿರಿನಲ್ಲಿ ಚೂರು ಕಪ್ಪು ಇರಬೇಕು. ಗದ್ದೆಯ ಸಸಿಮಡಿಗೆ ಹಳದಿ ಜಾಸ್ತಿ. ಗಾಳಿ ಬಂದು ಸಿಲ್ವರ್ ಓಕ್ ಎಲೆಯನ್ನು ಮಗುಚಿದರೆ ಅಲ್ಲಿ ಹಸಿರೇ ಇಲ್ಲ, ಬರೀ ಬೆಳ್ಳಿ. ಬಣ್ಣ ಬೆರೆಸುವುದು ತೆಂಗಿನ ಕರಟದಲ್ಲಿ. ಬೆರೆಸಿದ್ದು ಸರಿಯಾಯಿತೇ ಎಂದು ನೋಡಲು ಅವರದೇ ಒಂದು ಕ್ರಮವಿದೆ: ಗಿಡದ ಮೇಲಿರುವ ಎಲೆಗೇ ಒಂದು ಚುಕ್ಕೆ ಇಟ್ಟು ಒಂದು ಮಾರು ಹಿಂದೆ ಸರಿಯುತ್ತಾರೆ. ಚುಕ್ಕೆ ಕಂಡರೆ ಬಣ್ಣ ತಪ್ಪು, ಕಾಣದಿದ್ದರೆ ಸರಿ. ಒಮ್ಮೆ ಅತ್ತೆ ಹಿತ್ತಲಿನ ಗಿಡಗಳ ಮೇಲೆ ತಪ್ಪಿದ ಚುಕ್ಕೆಗಳನ್ನೆಲ್ಲ ನೋಡಿ, ಕಾಫಿಗೆ ರೋಗ ಬಿತ್ತು ಎಂದು ಹೆದರಿ ಔಷಧಿ ಹೊಡೆಸಲು ಹೊರಟಿದ್ದರು.

ಇಂಥವರನ್ನು ಎರಡು ವರ್ಷದ ಹಿಂದೆ ಬೆಳೆಗಾರರ ಸಂಘದ ಅಧ್ಯಕ್ಷರು ಕರೆಸಿ, ಸಭಾಂಗಣದ ಹಿಂದಿನ ಗೋಡೆ ತೋರಿಸಿ, ಅಷ್ಟಗಲಕ್ಕೂ ಕಾಫಿ ಹೂವು ಬರೆದುಕೊಡಿ ಎಂದರು. ಮಾವನ ಬದುಕಿನಲ್ಲಿ ಯಾರಾದರೂ ಅಕ್ಷರ ಬಿಟ್ಟು ಚಿತ್ರ ಕೇಳಿದ್ದು ಅದೇ ಮೊದಲು. ವಯಸ್ಸು ಅರವತ್ತೆಂಟು, ಏಣಿ ಹತ್ತಿದರೆ ಮೊಣಕಾಲು ನಡುಗುತ್ತದೆ. ಇದೇ ಮೊದಲನೆಯದು, ಇದೇ ಕೊನೆಯದು, ಸುಳ್ಳು ಬರೆಯಬಾರದು ಎಂದರು. ಏಣಿ ಹಿಡಿಯಲು ನಾನು ದಿನಾ ಹೋಗತೊಡಗಿದೆ.

ಆ ಸಲ ಜನವರಿಯಲ್ಲೇ ಮಳೆ ಹೊಡೆದು, ರೊಬಸ್ಟಾ ಕಾಫಿ ಹಣ್ಣಿನ ಕುಯ್ಲು ಮುಗಿಯುವ ಮೊದಲೇ ಹೂವು ಅರಳಿತ್ತು. ಒಂದೇ ಕೊಂಬೆಯಲ್ಲಿ ಬಿಳಿ ಹೂವಿನ ಗೊಂಚಲು, ಅದರೊಳಗೆ ಕೆಂಪು ಹಣ್ಣು. ಬೆಳೆಗಾರನ ಹೊಟ್ಟೆ ಉರಿಸುವ ನೋಟ ಅದು. ಹಣ್ಣಿಗೆ ಕೈ ಹಾಕಿದರೆ ಹೂವು ಉದುರಿ ಮುಂದಿನ ವರ್ಷದ ಬೆಳೆ ಹೋಗುತ್ತದೆ. ಬಿಟ್ಟರೆ ಈ ವರ್ಷದ್ದು ನೆಲದ ಪಾಲು. ಮಾವ ಮಾತ್ರ ಹೆಗ್ಗದ್ದೆ ಕಡೆಯ ತೋಟವೊಂದರ ಅಂಚಿನಲ್ಲಿ ನಿಂತುಬಿಟ್ಟರು. ಪಕ್ಕದ ಹಣ್ಣಿನ ಕೆಂಪು ಹೂವಿನ ಬಿಳಿಗೆ ಎಷ್ಟು ಹತ್ತಿದೆ ನೋಡು ಎಂದು ನನಗೆ ತೋರಿಸಿದರು. ತೋರಿಸುವವರೆಗೂ ನನಗೆ ಅದು ಬರೀ ಬಿಳಿ. ಆಮೇಲೆ ಎಂದೂ ಬರೀ ಬಿಳಿಯಾಗಿ ಕಂಡಿಲ್ಲ.

ಕಂಡದ್ದನ್ನೇ ಗೋಡೆಗೆ ಇಳಿಸಿದರು. ವಾರ್ಷಿಕ ಸಭೆಗೆ ಮೂರು ದಿನ ಇರುವಾಗ ಅಧ್ಯಕ್ಷರು ನೋಡಲು ಬಂದರು. ಮಾವನನ್ನು ಗೌರವದಿಂದಲೇ ಕಾಣುವ ಮನುಷ್ಯ.

“ಪೇಂಟ್ರಣ್ಣ, ಹೂವು ಮೂಸಿ ನೋಡ್ಬೇಕು ಅನ್ನಂಗೈತೆ. ಆದ್ರೆ ಆ ಹಣ್ಣು ಅಳಿಸ್ಬುಡಿ. ಹೂವು ಬಂದ್ರೂ ಹಣ್ಣು ಕುಯ್ದಿಲ್ಲ ಅಂದ್ರೆ ಇವ್ನೆಂಥ ಬೆಳೆಗಾರ ಅಂತ ನಗ್ತಾರೆ. ನಮ್ ಸೋಲ್ನ ನಮ್ ಗೋಡೆ ಮೇಲೇ ಬರ್ಕೊಳ್ಳಾದಾ?”

“ಈ ವರ್ಷ ಇದ್ದಿದ್ದೇ ಹಂಗಲ್ವಾ ಸ್ವಾಮಿ,” ಎಂದರು ಮಾವ.

“ಇದ್ದಿದ್ದಕ್ಕೇ ಕಣ್ರೀ ಬ್ಯಾಡ ಅನ್ನಾದು.”

ಅವರು ಹೋದ ಮೇಲೆ ಮಾವ ಹಸಿರು ಕರಟ ಹಿಡಿದು ಏಣಿ ಹತ್ತಿದರು. ಮೊದಲನೆಯ ಹಣ್ಣಿನ ಹತ್ತಿರ ಬ್ರಷ್ ತಂದು, ಹಾಗೇ ಇಳಿದು ಬಂದರು. ಗೋಡೆ ಸಂಘದ್ದು, ಬೇಡ ಅನ್ನುವ ಹಕ್ಕೂ ಸಂಘದ್ದೇ. ಅಳಿಸಿದರೆ ಮಾತ್ರ ತಾನು ಬರೆದ ಒಂದೇ ಒಂದು ಚಿತ್ರ ಸುಳ್ಳಾಗುತ್ತದೆ. ಅಂದು ಅತ್ತೆ ಬಡಿಸಿದ ಅಕ್ಕಿರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಜೀಪು ಹತ್ತಿ ಮತ್ತೆ ಅದೇ ತೋಟಕ್ಕೆ ಹೋದೆವು. ಹೂವು ಅರಳಿದಾಗ ತೋಟದೊಳಕ್ಕೆ ಯಾರನ್ನೂ ಬಿಡುವುದಿಲ್ಲ, ನಾವು ಅಂಚಿನಲ್ಲೇ ನಿಂತೆವು. ಹಣ್ಣು ಉದುರತೊಡಗಿದ್ದರಿಂದ ಅಲ್ಲಿ ಆಳುಗಳ ಲೆಕ್ಕ ನೋಡುವ ರೈಟರು ಕೂಲಿ ಲೈನಿನ ನಾಲ್ಕು ಜನ ಪಳಗಿದ ಹೆಂಗಸರನ್ನಷ್ಟೇ ಒಳಗೆ ಕಳಿಸಿದ್ದರು. ಅವರು ಎಂದಿನಂತೆ ಗೊಂಚಲನ್ನು ಬಾಚುತ್ತಿರಲಿಲ್ಲ. ಜೇನುನೊಣಗಳ ನಡುವೆ ಎರಡು ಬೆರಳು ತೂರಿಸಿ, ಒಂದೊಂದೇ ಹಣ್ಣನ್ನು ತಿರುಚಿ ತೆಗೆಯುತ್ತಿದ್ದರು. ಹೂವು ಅಲುಗುತ್ತಿರಲಿಲ್ಲ. ಮಾವ ಹತ್ತು ಗಂಟೆಯ ಕಾಫಿಯವರೆಗೂ ಅವರ ಕೈಗಳನ್ನೇ ನೋಡುತ್ತಿದ್ದರು. ಮಧ್ಯಾಹ್ನ ಗೋಡೆಯ ಮೇಲೆ ಒಂದು ಕೈ ಬಂತು. ಉಗುರಿನ ಸುತ್ತ ಕಾಫಿ ರಸದ ಕರೆ, ಹೂವಿನೊಳಗೆ ಇಳಿದ ಬೆರಳು, ಬೆರಳ ತುದಿಯಲ್ಲಿ ಹಣ್ಣು.

ಸಭೆಯ ಹಿಂದಿನ ದಿನ ಹಣ್ಣು ಕುಯ್ಯುವ ಲೈನಿನ ಹೆಂಗಸರು ಸಭಾಂಗಣ ಗುಡಿಸಲು ಬಂದಿದ್ದರು. ಅವರಲ್ಲೊಬ್ಬಾಕೆ ಪೊರಕೆ ಊರಿಕೊಂಡು ಚಿತ್ರ ನೋಡುತ್ತ ನಿಂತಳು. ಅಧ್ಯಕ್ಷರು ಬಾಗಿಲಿಗೆ ಬಂದದ್ದು ಅವಳಿಗೆ ಗೊತ್ತಿರಲಿಲ್ಲ.

“ಒಂದೇ ಕೈ ಬರ್ದಿದ್ದೀರಲ್ಲ ಪೇಂಟ್ರಣ್ಣ. ಕೊಂಬೆ ಯಾರ್ ಹಿಡ್ಕೊಳ್ಳಾದು, ನಮ್ ಅಧ್ಯಕ್ಷ್ರಾ? ಎಡಗೈಲಿ ಹಿಡೀದೆ ಕಿತ್ರೆ ಹೂವೆಲ್ಲ ಜಾಡಿಸ್ಕಂಡು ಹೋಯ್ತದೆ.”

ಉಳಿದವರು ನಕ್ಕು, ಬಾಗಿಲ ಕಡೆ ನೋಡಿ ಮತ್ತೆ ಗುಡಿಸತೊಡಗಿದರು. ಅಧ್ಯಕ್ಷರು ಗೋಡೆಯ ಹತ್ತಿರ ಬಂದು, ಬರೆದ ಕೊಂಬೆಯ ಕೆಳಗೆ ತಮ್ಮ ಎಡಗೈಯನ್ನು ಹಿಡಿದರು.

“ಹೌದು ಕಣಮ್ಮ, ಹಿಡೀಬೇಕು,” ಎಂದು ಮಾವನ ಕಡೆ ತಿರುಗಿದರು. “ಎಡಗೈನೂ ಬರೀರಿ. ಹಣ್ಣು ಇರ್ಲಿ. ಇಲ್ದಿದ್ರೆ ಈ ಕೈಗೆ ಅಲ್ಲೇನ್ ಕೆಲ್ಸ?”

ಸಭೆಯ ದಿನ ಬೆಳಿಗ್ಗೆ ಎಡಗೈ ಮುಗಿಯಿತು. ಬಣ್ಣ ಒಣಗಿರಲಿಲ್ಲ. ಬಿಳಿ ಅಂಗಿಯ ಬೆಳೆಗಾರರಿಗೆ ಕುರ್ಚಿ ಹಿಂದೆ ತಳ್ಳಬೇಡಿ, ಗೋಡೆ ಹಸಿ ಇದೆ ಎಂದು ಅಧ್ಯಕ್ಷರೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಬೇಕಾಯಿತು. ಹೇಳಿದ್ದೇ ತಪ್ಪಾಯಿತೇನೋ. ಹಿಂದಿನ ಎರಡು ಸಾಲಿನವರು ಕುರ್ಚಿಗಳನ್ನೇ ತಿರುಗಿಸಿಕೊಂಡು, ಭಾಷಣಕ್ಕೆ ಬೆನ್ನು ಹಾಕಿ, ಊಟಕ್ಕೆ ಕರೆಯುವವರೆಗೂ ಗೋಡೆ ನೋಡುತ್ತ ಕುಳಿತಿದ್ದರು.