ಅತ್ತೆಗೆ ಹಕಾರ ಒಲಿದದ್ದು

ನಮ್ಮ ಮನೆಯಲ್ಲಿ ಎಲ್ಲ ಇತ್ತು, ಹಕಾರ ಒಂದು ಇರಲಿಲ್ಲ. ತಾತ ಹಾಲನ್ನು ಆಲು ಅನ್ನುತ್ತಿದ್ದ, ಅಜ್ಜಿ ಹೂವನ್ನು ಊವು ಅನ್ನುತ್ತಿದ್ದಳು, ಅಪ್ಪ ಇವತ್ತಿಗೂ ಎಲ್ಲಿಗೂ ಹೋಗುವುದಿಲ್ಲ, ಓಗುತ್ತಾನೆ. ನನಗೆ ಮಾತ್ರ ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಆ ಅಕ್ಷರ ಕಲಿಸಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಮಾತಾಡಬೇಕು ಎಂದು ಹಟ ಹಿಡಿದಳು. ಹಟ ಎಂಬ ಪದವೂ ಅವಳ ಬಾಯಲ್ಲಿ ಅಟವೇ ಆಗಿತ್ತು.

ಅತ್ತೆಗೆ ಬಸ್ ಸ್ಟ್ಯಾಂಡಿನ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಡಿಲವಾದ ತಿರುಪು ಬಿಗಿಮಾಡುವುದು, ಗಾಜು ಒರೆಸುವುದು, ಬಂದವರ ಮೂಗಿಗೆ ಒಪ್ಪುವ ಫ್ರೇಮು ಆರಿಸಿ ಕೊಡುವುದು. ಎದುರಿನ ಧ್ವನಿವರ್ಧಕ ದಿನವಿಡೀ ಕೂಗುತ್ತಲೇ ಇರುತ್ತಿತ್ತು. ಯಾವ ಬಸ್ಸು ಎಷ್ಟು ಗಂಟೆಗೆ, ಎಲ್ಲಿಂದ, ಎಲ್ಲ ಅವಳಿಗೆ ಬಾಯಿಪಾಠ. ಗಂಟಲೂ ಸಾಮಾನ್ಯದ್ದಲ್ಲ. ಅವಳು ಹಿತ್ತಿಲಲ್ಲಿ ನನ್ನನ್ನು ಕರೆದರೆ ಪಕ್ಕದ ಬೀದಿಯವರು ಓಗೊಡುತ್ತಿದ್ದರು.

"ಆ ಗಾಜಿನ ಗೂಡಲ್ಲಿ ಕೂತು ನಾನೊಂದು ಮಾತು ಏಳಿದ್ರೆ, ಇಡೀ ಸ್ಟ್ಯಾಂಡು ಗಂಟುಮೂಟೆ ಎತ್ಕೊಂಡು ಓಡ್ಬೇಕು," ಅನ್ನುತ್ತಿದ್ದಳು.

"ನಮ್ಮ ನಾಲಗೆಗೆ ಅದೆಲ್ಲ ಒಗ್ಗಲ್ಲ ಕಣೇ," ಅನ್ನುತ್ತಿದ್ದ ಅಪ್ಪ. "ನಾಲ್ಕು ಜನರ ಎದುರು ನಗೆಪಾಟಲಾಗ್ತೀಯ. ಓಗ್ಲಿ ಬಿಡು."

ಅಪ್ಪನದು ಕೆಟ್ಟ ಮನಸ್ಸಲ್ಲ. ತಂಗಿಯನ್ನು ಯಾರಾದರೂ ಆಡಿಕೊಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೇ.

ಆ ಗಾಜಿನ ಗೂಡಿನಲ್ಲಿ ಕೂತು ಬಸ್ಸು ಕೂಗುತ್ತಿದ್ದ ಮೈಕಿನ ಮೇಡಂ ನಿವೃತ್ತರಾಗುವ ಸುದ್ದಿ ಬಂತು. ದನಿ ಚೆನ್ನಾಗಿರುವವರು ಬಂದು ಓದಿ ತೋರಿಸಬಹುದು ಎಂದು ಸ್ಟ್ಯಾಂಡಿನ ಮ್ಯಾನೇಜರು ಹೇಳಿದರು. ಅತ್ತೆ ಇಸ್ತ್ರಿ ಸೀರೆ ಉಟ್ಟು ಹೋದಳು. ಆರು ಗಂಟೆಗೆ ಬಂದರಿಗೆ ಹೋಗುವ ಬಸ್ಸು ಹೊರಡಲಿದೆ, ಇಷ್ಟು ಓದಬೇಕಿತ್ತು. ಎಲ್ಲಾದರೂ ಹಕಾರ ಬಿಟ್ಟುಹೋದೀತು ಎಂಬ ಭಯಕ್ಕೆ ಅವಳು ಅದನ್ನು ಮೊದಲ ಪದಕ್ಕೇ ಹಾಕಿಬಿಟ್ಟಳು. ಮುಂದಕ್ಕೆ ಉಳಿಯಲಿಲ್ಲ.

"ಹಾರು ಗಂಟೆಗೆ ಬಂದರಿಗೆ ಓಗುವ ಬಸ್ಸು ಒರಡಲಿದೆ."

ಅಲ್ಲಿದ್ದ ಗುಮಾಸ್ತರು ಮೇಜು ಬಡಿದು ನಕ್ಕರಂತೆ. ಮ್ಯಾನೇಜರು ಮಾತ್ರ ನಗದೆ, "ಅಮ್ಮಾ, ಇದು ಬಸ್ ಸ್ಟ್ಯಾಂಡು, ವಿಮಾನ ನಿಲ್ದಾಣ ಅಲ್ಲ," ಅಂದರಂತೆ.

ಅಂದಿನಿಂದ ಅತ್ತೆ ಹಕಾರದ ತಂಟೆಗೇ ಹೋಗಲಿಲ್ಲ. ಆ ಅಕ್ಷರ ಇರುವ ಪದವನ್ನೇ ಬಾಯಿಂದ ಗಡೀಪಾರು ಮಾಡಿದಳು. ಕಿರಾಣಿ ಅಂಗಡಿಯಲ್ಲಿ ಹಾಲು ಬೇಕಾದರೆ "ಬಿಳೀದು ಕೊಡಿ" ಅನ್ನುವಳು. ಹತ್ತು ಗಂಟೆ ಅನ್ನಬೇಕಾದಲ್ಲಿ "ಒಂಬತ್ತಾದ ಮೇಲೆ ಇನ್ನೊಂದು". ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ದಿನ ಕಳೆದಂತೆ ಆ ದೊಡ್ಡ ಗಂಟಲು ಸಣ್ಣದಾಗುತ್ತಾ ಬಂತು. ಪಕ್ಕದ ಬೀದಿಯವರು, "ನಿಮ್ಮತ್ತೆ ಊರಲ್ಲಿಲ್ವಾ?" ಎಂದು ಕೇಳಿದ ದಿನದಿಂದ ನಾನು ನಗುವುದನ್ನು ಬಿಟ್ಟೆ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಅತ್ತೆ ಯಾರದೋ ಕನ್ನಡಕ ಬಾಯಿ ಹತ್ತಿರ ತಂದು, ಉಸಿರು ಬಿಟ್ಟು, ಬಟ್ಟೆಯಿಂದ ಒರೆಸಿದಳು.

"ಅತ್ತೆ, ಈಗೇನಂದೆ?"

"ನಾನೆಲ್ಲಿ ಏನಂದೆ?"

"ಕನ್ನಡಕಕ್ಕೆ ಏನೋ ಅಂದೆಯಲ್ಲ?"

"ಕನ್ನಡಕದ ಜೊತೆ ಮಾತಾಡೋಕೆ ನನಗೇನು ತಲೆ ಕೆಟ್ಟಿದೆಯಾ? ಗಾಜಿಗೆ ಹಾ ಅಂತ ಉಸಿರು..." ಎಂದವಳು ಅಲ್ಲೇ ನಿಂತಳು. ಇನ್ನೊಂದು ಗಾಜು ಎತ್ತಿಕೊಂಡಳು. "ಹಾ," ಅಂದಳು. ಗಾಜು ಮಬ್ಬಾಯಿತು. "ಆ," ಅಂದಳು. ಮಬ್ಬು ಅಷ್ಟು ಹಿಡಿಯಲಿಲ್ಲ. ಇಷ್ಟು ವರ್ಷ ಊರಿನವರ ಕನ್ನಡಕಗಳಿಗೆಲ್ಲ ಹಕಾರ ಧಾರೆ ಎರೆದವಳು ಅದು ತನ್ನ ಬಾಯಲ್ಲಿಲ್ಲ ಎಂದು ಕೊರಗುತ್ತಿದ್ದಳು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂಗಡಿ ಯಜಮಾನರು ಒಳಗಿನಿಂದ ಬಂದು, "ಏನಾಯ್ತ್ರಮ್ಮ?" ಎಂದು ಗಾಬರಿಯಿಂದ ಕೇಳಿದರು.

ಅಂದಿನಿಂದ ಒಡೆದ ಫ್ರೇಮಿನದೊಂದು ಗಾಜು ಅವಳ ಸೆರಗಿನ ತುದಿಯಲ್ಲೇ ಇರುತ್ತಿತ್ತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಗಾಜು ಮುಂದಿಟ್ಟು ಹತ್ತು, ಹಳೆ, ಹೊರಡು ಎಂದು ಒಂದೇ ಸಮನೆ ಪಾಠ. ನಡುವೆ ಒಂದಷ್ಟು ಕಾಲ ಹಕಾರ ಕೈಮೀರಿ ಹೋಯಿತು. ಕಂಡಕಂಡ ಪದಕ್ಕೆಲ್ಲ ಅದು ಅಂಟಿಕೊಂಡಿತು. "ಹಣ್ಣಾ, ಹಡುಗೆ ಆಯ್ತು, ಹೂಟಕ್ಕೆ ಬಾ," ಎಂದು ಕರೆದಳು ಒಂದು ದಿನ.

"ಇಷ್ಟು ದಿನ ಅಣ್ಣ ಆಗಿದ್ದೆ," ಎಂದು ಅಪ್ಪ ತಲೆ ಚಚ್ಚಿಕೊಂಡ. "ಈಗ ಅಣ್ಣು ಮಾಡ್ಬಿಟ್ಟಳು."

ಅತ್ತೆ ನಕ್ಕಳೇ ಹೊರತು ಬಿಡಲಿಲ್ಲ. ನಿಧಾನವಾಗಿ ಹಕಾರ ತನ್ನ ಜಾಗ ಕಂಡುಕೊಂಡಿತು. ಗಂಟಲೂ ಹಿಂದಿರುಗಿತು.

ಮೇಡಂ ಜಾಗ ಇನ್ನೂ ಖಾಲಿಯೇ ಇತ್ತು. ಗುಮಾಸ್ತರೇ ಸರದಿಯ ಮೇಲೆ ಗೊಣಗುತ್ತಾ ಕೂಗುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರ ಕನ್ನಡಕದ ಕಾಲು ಮುರಿದು, ಅವರೇ ಅಂಗಡಿಗೆ ಬಂದರು. ಕನ್ನಡಕವಿಲ್ಲದೆ ಅವರಿಗೆ ಎದುರಿಗಿರುವುದು ಮನುಷ್ಯರೋ ಬೀರುವೋ ಗೊತ್ತಾಗುತ್ತಿರಲಿಲ್ಲ. ಅತ್ತೆ ಕಾಲು ಕೂರಿಸುತ್ತಾ, ಧೈರ್ಯ ತಂದುಕೊಂಡು, ಬಂದರಿನ ಬಸ್ಸಿನಿಂದ ಹಿಡಿದು ಬೆಟ್ಟದ ಬಸ್ಸಿನವರೆಗೆ ಇಡೀ ಸಂಜೆಯ ಪಟ್ಟಿಯನ್ನು ಹೇಳಿದಳು.

"ಯಾರಮ್ಮ ಅದು? ರೇಡಿಯೋ ಹಾಕಿದ್ದೀರಾ?" ಅಂದರು ಮ್ಯಾನೇಜರು. ಅತ್ತೆ ಕನ್ನಡಕ ಮೂಗಿಗೇರಿಸಿದಳು. ಅವರು ಕಣ್ಣರಳಿಸಿ, "ನೀವಾ? ವಿಮಾನದವರಾ?" ಅಂದರು. ಆಮೇಲೆ ಗಂಭೀರವಾಗಿ, "ನಾಳೆ ಸಂಜೆ ಒಂದು ಪಾಳಿ ಮಾಡಿ ನೋಡಿ. ಎಡವಿದ್ರೆ ಮತ್ತೆ ಕೇಳ್ಕೊಂಡು ಬರಬಾರದು," ಅಂದರು.

ಮರುದಿನ ನಾನೂ ಅಪ್ಪನೂ ಸ್ಟ್ಯಾಂಡಿಗೆ ಹೋಗಿ ಧ್ವನಿವರ್ಧಕದ ಕೆಳಗಿನ ಬೆಂಚಿನಲ್ಲಿ ಕೂತೆವು. ಆರು ಗಂಟೆಯ ಬಸ್ಸು ನೆಟ್ಟಗೆ ಹೊರಟಿತು. ಹಕಾರಗಳೆಲ್ಲ ಮುತ್ತು ಪೋಣಿಸಿದ ಹಾಗೆ. ಅಪ್ಪ ಉಸಿರು ಬಿಟ್ಟ. ಒಂದರ ಹಿಂದೊಂದು ಬಸ್ಸುಗಳು ಹೊರಟವು. ಅತ್ತೆಗೆ ಬಹುಶಃ ಖುಷಿ ತಲೆಗೇರಿತು.

"ಪ್ರಯಾಣಿಕರ ಗಮನಕ್ಕೆ. ಬೆಟ್ಟದ ಕಡೆ ಹೋಗುವ ಬಸ್ಸು ಹೇಳು ಗಂಟೆಗೆ..."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹಬ್ಬಿತು. ಅಪ್ಪ ತಲೆ ತಗ್ಗಿಸಿ, "ಮುಗೀತು," ಅಂದ.

ಅಷ್ಟರಲ್ಲಿ ಧ್ವನಿವರ್ಧಕದಲ್ಲೇ ನಗು ಕೇಳಿಸಿತು, ನಮ್ಮ ಹಿತ್ತಿಲಿನ ಅದೇ ದೊಡ್ಡ ನಗು.

"ಹೇಳು ಅಲ್ರಪ್ಪಾ, ಏಳು. ಏಳು ಗಂಟೆ. ಹೇಳೋದು ನನ್ನ ಕೆಲಸ, ಹತ್ತೋದು ನಿಮ್ಮ ಕೆಲಸ. ಬೇಗ ಹತ್ತಿ, ಬಸ್ಸು ಹೊರಡುತ್ತೆ."

ಒಂದು ಹಕಾರವೂ ತಪ್ಪಲಿಲ್ಲ. ಸ್ಟ್ಯಾಂಡು ಗೊಳ್ಳೆಂದಿತು. ಈ ಸಲದ ನಗು ಬೇರೆ ಥರದ್ದು. ಜನ ನಗುತ್ತಲೇ ಚೀಲ ಎತ್ತಿಕೊಂಡು ಓಡಿದರು, ಕಂಡಕ್ಟರು ಮೇಲಿನ ಗಾಜಿನ ಗೂಡಿನ ಕಡೆ ಕೈ ಬೀಸಿದ. ಮೈಕು ಆರಿಸಲು ಗುಂಡಿಯ ಮೇಲೆ ಕೈ ಇಟ್ಟಿದ್ದ ಮ್ಯಾನೇಜರು ಕೈ ತೆಗೆದು, ನಗು ತಡೆಯಲಾರದೆ ಗೋಡೆಗೆ ಒರಗಿದ್ದರಂತೆ. ನಾಳೆಯಿಂದ ಬೆಳಗಿನ ಪಾಳಿಗೇ ಬನ್ನಿ ಎಂದು ಅಲ್ಲೇ ಹೇಳಿದರಂತೆ. ಅದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ನಮಗೆ ಗೊತ್ತಾದದ್ದು ಇಷ್ಟೇ: ಮೇಲಿನಿಂದ ಮುಂದಿನ ಬಸ್ಸಿನ ಘೋಷಣೆಯೂ ಅದೇ ಗಂಟಲಲ್ಲಿ ಬಂತು.

ಪಕ್ಕದಲ್ಲಿ ಕೂತಿದ್ದ ಮುದುಕರು ಅಪ್ಪನನ್ನು, "ನೀವು ಯಾವ ಬಸ್ಸಿಗೆ?" ಎಂದು ಕೇಳಿದರು.

"ಎಲ್ಲಿಗೂ ಓಗಲ್ಲ ಸ್ವಾಮಿ," ಅಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತಾ. "ಅಲ್ಲಿ ಮೇಲೆ ಮಾತಾಡ್ತಿರೋಳು ನನ್ನ ತಂಗಿ."

ಆ ಸಂಜೆ ಅದನ್ನು ಅಪ್ಪ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.